ಹನ್ನೊಂದು ಸುತ್ತು

ಅಂಟು ಅಂದರು ಮೊದಲು ನೋಡಿದವರು.
ನರಗಳ ನಡುವಿನ ಸಂದಿಗೊಂದಿಗೆ ಮೆತ್ತಿದ ಬರೀ ಅಂಟು,
ಕಲ್ಲುಗಳ ನಡುವೆ ಗಾರೆ ಇದ್ದ ಹಾಗೆ.
ಗಾರೆಯನ್ನು ಯಾರು ಮಾತಾಡಿಸುತ್ತಾರೆ?

ಎಡಿನ್‌ಬರೋದಲ್ಲಿ ರಾತ್ರಿ ಎರಡು ಗಂಟೆ.
ಮೆರನ್ ಫ್ಲೆಟ್ ಸೂಕ್ಷ್ಮದರ್ಶಕಕ್ಕೆ ಕಣ್ಣು ಕೊಟ್ಟು ಕೂತಿದ್ದಾಳೆ.
ಹೊರಗಿನ ಕೋಣೆಯಲ್ಲಿ ಅವಳ ಚಹಾ ಕೆನೆಗಟ್ಟಿದೆ.
ಗಾಜಿನ ಬಟ್ಟಲಲ್ಲಿ ಇಲಿಮರಿಯ ಮಿದುಳಿನ ಒಂದು ಬಿಲ್ಲೆ,
ಉಗುರಿನಷ್ಟೂ ಇಲ್ಲ.
ಅದರೊಳಗೆ ಹಸಿರು ಹಚ್ಚಿಕೊಂಡ ಒಂದು ಕೋಶ
ನಲವತ್ತು ಕೈ ಚಾಚಿ ಎಳೆಗಳನ್ನು ತಡವುತ್ತಿದೆ;
ಒಂದನ್ನು ಹಿಡಿಯುತ್ತದೆ, ಬಿಡುತ್ತದೆ,
ಇನ್ನೊಂದರ ಹತ್ತಿರ ತಡೆದು ನಿಲ್ಲುತ್ತದೆ,
ಸುತ್ತಲೋ ಬೇಡವೋ.

ಯಾರನ್ನು ಕೇಳುತ್ತದೆ ಅದು?

ಪಕ್ಕದಲ್ಲೇ ನಕ್ಷತ್ರದ ಹಾಗೆ ಕಾಲು ಕೆದರಿ ಕೂತದ್ದು ಒಂದಿದೆ.
ಎಳೆಯಲ್ಲಿ ಮಿಂಚು ಹರಿದಾಗ ಏನೋ ಚೂರು ಹೊರಗೆ ಸೋರುತ್ತದೆ,
ನಕ್ಷತ್ರಕ್ಕೆ ಅದು ಕೇಳಿಸುತ್ತದೆ,
ನೆರೆಮನೆಗೆ ದಾಟಿಸುತ್ತದೆ:
ಈ ಎಳೆ ಮಾತಾಡುತ್ತಿದೆ. ಹೊದಿಸು.
ಆಗ ಶುರು.
ತನ್ನ ಮೈಯನ್ನೇ ಹಿಂಡಿ ಹಿಂಡಿ ತೆಳ್ಳಗೆ ಮಾಡಿ
ಸುತ್ತು, ಸುತ್ತಿನೊಳಗೆ ಸುತ್ತು,
ನೆಣದ ಬಿಳಿ ಪೊರೆ.
ಪೊರೆಗೂ ಪೊರೆಯುವುದಕ್ಕೂ ಒಂದೇ ಮಾತು
ಅಂತ ಅವಳಿಗೆ ಹೇಳುವವರು ಆ ಊರಲ್ಲಿ ಯಾರೂ ಇಲ್ಲ.

ಹೋದ ವಾರ ಇನ್ನೊಂದು ಬಿಲ್ಲೆಗೆ
ಊದುಮೀನಿನ ವಿಷ ಒಂದು ಹನಿ ಬಿಟ್ಟಳು.
ಎಳೆಗಳು ಸಾಯಲಿಲ್ಲ, ಸುಮ್ಮನಾದವು, ಅಷ್ಟೆ.
ನಕ್ಷತ್ರಕ್ಕೆ ಸುದ್ದಿಯಿಲ್ಲ.
ಬತ್ತಲೆ ಎಳೆಗಳ ಪಕ್ಕ ಆ ನಲವತ್ತು ಕೈ
ಏನೂ ತೋಚದೆ ನಿಂತೇ ಇದ್ದವು.

ಅವತ್ತು ತಮ್ಮ ನೆನಪಾದ.

ಸ್ವೇನ್. ಆರ್ಕ್ನಿ ದ್ವೀಪದಲ್ಲಿ, ಮರವೇ ಇಲ್ಲದ ಗಾಳಿಯಲ್ಲಿ,
ಬುಟ್ಟಿಬಲೆ ಇಳಿಸಿ ಏಡಿ ಹಿಡಿಯುವವ.
ಮೂವತ್ನಾಲ್ಕಕ್ಕೆ, ಎಡಗಾಲು ನನ್ನದಲ್ಲ,
ಯಾರೋ ಬಾಡಿಗೆಗೆ ಕೊಟ್ಟದ್ದು ಅಂದ.
ಆಸ್ಪತ್ರೆಯ ಚಿತ್ರದಲ್ಲಿ ಬಿಳಿ ಮಚ್ಚೆ, ಮಚ್ಚೆ,
ಕಾಯಬೇಕಾದ ಪಡೆಯೇ ಒಳನುಗ್ಗಿ ಪೊರೆ ತಿಂದ ಗುರುತು.
ಆಮೇಲೆ ಮಾತು ಬಿಟ್ಟ.
ಫೋನಿನಲ್ಲಿ ಒಂದು ಹ್ಞೂಂ, ಒಂದು ಉಹ್ಞೂಂ,
ಉಳಿದದ್ದು ಕಡಲಹಕ್ಕಿ.

ಗುಡಿಸುವ ಕೋಶಗಳೂ ಇವೆ, ಚಿಕ್ಕವು, ಅಲೆಮಾರಿಗಳು.
ಹಳೆಯ ಪೊರೆಯ ಚಿಂದಿ ಅವು ಎತ್ತದೆ ಹೊಸದು ಏಳುವುದಿಲ್ಲ.
ಅತ್ತ ನೆರೆಮನೆಯ ಮೈಮಿ ರೆಂಡಲ್, ಎಂಬತ್ತೊಂದು,
ಸೋಮವಾರ ಸೋಮವಾರ ಸ್ವೇನನ ಅಡಿಗೆಮನೆಗೆ ಬಂದು
ಖಾಲಿ ಬಾಟಲಿಗಳನ್ನು ಹೊರಗಿಟ್ಟು
ಒಂದು ಮಾತೂ ಆಡದೆ ಹೋಗುತ್ತಾಳೆ.
ಅವಳ ಬಗ್ಗೆ ಯಾರೂ ಪ್ರಬಂಧ ಬರೆದಿಲ್ಲ.

ಬೆಳಿಗ್ಗೆ ಆರಕ್ಕೆ ಮೆರನ್ ಫೋನು ಹಚ್ಚಿದಳು.
ಹೇಗಿದ್ದೀಯ ಅನ್ನಲಿಲ್ಲ.
'ಹಗ್ಗದ ತುದಿ ಬಿಚ್ಚದ ಹಾಗೆ ಅಪ್ಪ ದಾರ ಸುತ್ತುತ್ತಿದ್ದನಲ್ಲ,
ಎಷ್ಟು ಸುತ್ತು, ಇಪ್ಪತ್ತಾ?'
ಕಡಲಹಕ್ಕಿ.
ಮತ್ತೂ ಕಡಲಹಕ್ಕಿ.
'ಹದಿನೆಂಟು. ಮೇಣದ ದಾರವಾದರೆ.
ನಿನಗೆ ಯಾವತ್ತು ಲೆಕ್ಕ ಬಂದಿತ್ತು?'
ಹೇಳಿದವನು ನಿಲ್ಲಿಸಲಿಲ್ಲ.
ಯಾವ ಬಂಡೆಯ ಹಿಂದೆ ನೀರು ಹೇಗೆ ತಿರುಗುತ್ತದೆ,
ಡೀಸೆಲ್ ಬೆಲೆ, ಬಲೆಯಿಂದ ಮೀನು ಕದ್ದು
ಇವನ ಮುಖವನ್ನೇ ನೋಡುತ್ತ ತಿಂದ ಸೀಲ್,
ಅರ್ಧ ಗಂಟೆ.
ಅವಳು ಕೇಳಿಸಿಕೊಂಡಳು.

ಇದರಿಂದ ಮಚ್ಚೆ ಮಾಯುವುದಿಲ್ಲ, ಗೊತ್ತು.
ಬಟ್ಟಲಿನ ನ್ಯಾಯ ಮನುಷ್ಯನಿಗೆ ಸಲ್ಲುತ್ತದೆಂದು ಹೇಳಲಾಗದು
ಅಂತ ಅವಳೇ ವರದಿಯ ಕೊನೆಗೆ ಬರೆದಿದ್ದಾಳೆ.

ಮಾತಿನ ನಡುವೆ ಏನೋ ಸರ್ರೆಂದು ಎಳೆಯುವ ಸದ್ದು.
ದಾರದುಂಡೆ ಬಿತ್ತು, ಬೈದ, ಎತ್ತಿಕೊಂಡ, ಮತ್ತೆ ಶುರುಮಾಡಿದ.
'ಹನ್ನೊಂದು. ಕೈ ಸೋತಿತು' ಅಂದ. 'ಸಾಕಾ?'

ಮರಳಿ ಬರುವ ಪೊರೆ ಮೊದಲಿನಷ್ಟು ದಪ್ಪವಿರುವುದಿಲ್ಲ,
ಗಾಜಿನ ಕೆಳಗೆ ಎಷ್ಟು ಸಲ ನೋಡಿದ್ದಾಳೆ.

'ಎಳೆದು ನೋಡು' ಅಂದಳು.

ಎಳೆದ.